ಅಕ್ಕನ ಸಡಿಲ ಕುಬುಸ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ಸಾಲು ಗೂಟಗಳಿದ್ದವು. ಮೊದಲನೆಯದರಲ್ಲಿ ಅಪ್ಪನ ಬಾರುಕೋಲು, ಎರಡನೆಯದರಲ್ಲಿ ಅವನ ಹೆಗಲ ಮೇಲಿನ ವಸ್ತ್ರ, ಮೂರನೆಯದರಲ್ಲಿ ಲಾಟೀನು. ಕೊನೆಯ ಗೂಟ ಅವ್ವನದು. ಅದಕ್ಕೆ ದಾರಗಳು ಜೋತುಬಿದ್ದಿರುತ್ತಿದ್ದವು, ಎಣಿಸಲು ಹೋದರೆ ಬೈಗುಳ ತಿನ್ನಬೇಕಾಗುತ್ತಿತ್ತು. ಅವ್ವ ಓದಿದವಳಲ್ಲ, ಟೇಪು ಮುಟ್ಟಿದವಳೂ ಅಲ್ಲ. ನಮ್ಮ ಊರು ಕೊಕ್ಕನೂರಿನ ಯಾವ ಹೆಂಗಸಾದರೂ ಮೊದಲ ಸಲ ಕುಬುಸ ಹೊಲಿಸಲು ಬಂದರೆ ಒಂದು ದಾರ ಎಳೆದು ಎದೆಯ ಸುತ್ತಿಗೆ ಒಂದು ಗಂಟು, ಸೊಂಟಕ್ಕೆ ಒಂದು, ತೋಳಿಗೆ ಒಂದು, ಬೆನ್ನಿಗೆ ಒಂದು ಹಾಕುತ್ತಿದ್ದಳು. ಆಮೇಲೆ ಆ ಹೆಂಗಸಿನ ಕುಬುಸದ್ದೇ ಒಂದು ಚಿಂದಿಯನ್ನು ತುದಿಗೆ ಕಟ್ಟಿ ಗೂಟಕ್ಕೆ ಏರಿಸಿಬಿಡುತ್ತಿದ್ದಳು. ಆ ಚಿಂದಿಯ ಬಣ್ಣವೇ ಹೆಸರು. ಮುಂದಿನ ಸಲ ಆಕೆ ತಾನೇ ಬರಬೇಕಾಗಿರಲಿಲ್ಲ, ಮಕ್ಕಳ ಕೈಯಲ್ಲಿ ಬಟ್ಟೆ ಕಳಿಸಿದರೆ ಸಾಕಿತ್ತು.

"ಒಂದ್ ಸಲ ದಾರ ಹಿಡಿದ್ನೆಂದ್ರೆ ಸಾಯೋ ಮಟ ಅದೇ ದಾರ. ದಪ್ಪ ಆಗಿದ್ದು, ಸೊರಗಿದ್ದು ನನ್ ಕಣ್ಣಿಗೆ ಕಾಣ್ತೈತೆ. ನೀವೇನ್ ಬಂದು ಹೇಳಬ್ಯಾಡ್ರಿ."

ಇದು ಬರೀ ಬಡಾಯಿಯಲ್ಲ. ಬಾವಿಗೆ ಬಂದವರನ್ನು, ಹೊಲಕ್ಕೆ ಬುತ್ತಿ ಹೊತ್ತು ಹೊರಟವರನ್ನು ಕಟ್ಟೆಯ ಮೇಲೆ ಕೂತು ನೋಡಿಯೇ ಯಾರ ಬಟ್ಟೆಗೆ ಎರಡು ಬೆರಳು ಬಿಡಬೇಕು, ಯಾರದಕ್ಕೆ ಹಿಡಿಯಬೇಕು ಎಂದು ಅವಳು ತೀರ್ಮಾನಿಸುತ್ತಿದ್ದಳು. ಪಕ್ಕದ ಮನೆಯ ನೀಲವ್ವ ಬಸುರಿ ಎಂಬುದು ಅವಳ ಗಂಡನಿಗಿಂತ ಮೊದಲು ಅವ್ವನಿಗೆ ಗೊತ್ತಾಗಿತ್ತು. ಕೇಳಿದರೆ, ನಡೆಯುವಾಗ ಬೆನ್ನಿನ ಹೊಲಿಗೆ ಹೇಳಿತು ಎಂದಳು. ಊರಿನವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅವ್ವನಿಗೆ ಅದರಿಂದ ಜಂಬ ಬಂದಿತ್ತು. ಆ ಜಂಬದ ಕಥೆಯನ್ನೇ ನಾನೀಗ ಹೇಳಬೇಕಾಗಿದೆ. ಹೇಳಲು ಮನಸ್ಸೇನೂ ಇಲ್ಲ, ಆದರೆ ಅದನ್ನು ಬಿಟ್ಟು ನನ್ನ ಬಾಲ್ಯವನ್ನು ಬರೆದರೆ ಅದು ಯಾರದೋ ಬಾಲ್ಯವಾಗುತ್ತದೆ.

ಊರಿಗೆ ಅವಳು ಹೊಲಿಗೆ ಗೌರವ್ವ. ಮನೆಯೊಳಗೆ ಯಜಮಾನಿ. ಅಪ್ಪ ಎತ್ತುಗಳ ಜೊತೆ ಆಡಿದಷ್ಟು ಮಾತನ್ನು ನಮ್ಮ ಜೊತೆ ಆಡಿದವನಲ್ಲ. ಯಾವ ಹೊಲಕ್ಕೆ ಯಾವ ಬೀಜ, ಯಾರ ಮದುವೆಗೆ ಯಾರು ಹೋಗಬೇಕು, ಯಾವ ಮಗುವಿಗೆ ಜ್ವರ, ಯಾವುದಕ್ಕೆ ಸೋಮಾರಿತನ, ಎಲ್ಲವನ್ನೂ ಅವ್ವ ಕೈಮಿಷನ್ನಿನ ಮುಂದೆ ಕೂತಲ್ಲಿಂದಲೇ ಹೇಳುತ್ತಿದ್ದಳು. ಮಿಷನ್ನು ದಾವಣಗೆರೆಯಿಂದ ಬಂಡಿಯಲ್ಲಿ ಬಂದಿದ್ದು, ಚಿಕ್ಕದೊಂದು ಮಣೆಯ ಮೇಲೆ ಇಟ್ಟು ಬಲಗೈಯಲ್ಲಿ ತಿರುವುವಂಥದ್ದು. ಅದರ ಸದ್ದು ಕೇಳಿದರೆ ಚಿಕ್ಕಪ್ಪನ ಹೆಂಡತಿ, ನಮ್ಮ ಚಿಗವ್ವನಿಗೆ, ಒಲೆಯ ಮುಂದೆ ಕೂತಲ್ಲೇ ಸಿಟ್ಟು ಬರುತ್ತಿತ್ತು.

"ನೀವು ಮಿಷನ್ ಮುಂದೆ ಕುಂತ್ರಿ ಅಂದ್ರೆ ಆತು, ಹನ್ನೊಂದು ಮಂದಿ ರೊಟ್ಟಿ ನನ್ ತಲೆ ಮ್ಯಾಲೆ."

"ಹಂಗಾರೆ ನೀ ಬಂದು ಮಿಷನ್ ತಿರುವು, ನಾ ರೊಟ್ಟಿ ಬಡೀತೀನಿ. ಬಾ, ಕುಂದ್ರು."

ಚಿಗವ್ವ ಬರುತ್ತಿರಲಿಲ್ಲ. ಆದರೆ ಊಟದ ಹೊತ್ತಿಗೆ ಬಡಿಸುವ ಕೈ ಮಾತ್ರ ಅವ್ವನದೇ. ನಮ್ಮಲ್ಲಿ ಹೆಣ್ಣುಮಕ್ಕಳು ಮೊದಲು ಉಣ್ಣಬೇಕು, ಇದು ಅವಳ ಕಾನೂನು. ಹೋಗುವ ಮನೆಯಲ್ಲಿ ಹೇಗೋ ಏನೋ, ಇಲ್ಲಿರುವಷ್ಟು ದಿನ ಬಿಸಿ ರೊಟ್ಟಿ ತಿನ್ನಲಿ ಎನ್ನುತ್ತಿದ್ದಳು. ಹಾಗಾಗಿ ಮೊದಲ ರೊಟ್ಟಿ ಅಕ್ಕನ ತಟ್ಟೆಗೆ, ಎರಡನೆಯದು ನನಗೆ, ಆಮೇಲೆ ಗಂಡಸರಿಗೆ. ಅಕ್ಕ ಗಿರಿಜಿ ನನಗಿಂತ ಎಂಟು ವರ್ಷ ದೊಡ್ಡವಳು. ಮೈ ತುಂಬಿದ ಹುಡುಗಿ, ನಕ್ಕರೆ ಹೆಗಲು ಕುಣಿಯುತ್ತಿತ್ತು. ಅವಳ ದಾರಕ್ಕೆ ಹಳದಿ ಚಿಂದಿ. ಮದುವೆಯ ಕುಬುಸಕ್ಕೆಂದು ಅವ್ವ ಹೊಸದಾಗಿ ಅಳತೆ ಹಿಡಿದ ದಿನ ಅದನ್ನು ಕಟ್ಟಿದ್ದಳು.

ಅಕ್ಕನನ್ನು ಹರಿಹರಕ್ಕೆ ಕೊಟ್ಟೆವು. ಹೊಳೆಗೆ ಹತ್ತಿರದ ಓಣಿ, ದೊಡ್ಡ ಮನೆ, ಮಂದಿಯೂ ದೊಡ್ಡದು. ಮದುವೆಯಾದ ವರ್ಷ ಎರಡು ಸಲ ಬಂದುಹೋದಳು. ಮರುವರ್ಷ ಪಂಚಮಿಗೆ ಕರೆಯಲು ಅಪ್ಪ ಬಂಡಿ ಕಟ್ಟಿಕೊಂಡು ಹೋದವನು ಖಾಲಿ ಬಂಡಿಯಲ್ಲಿ ವಾಪಸು ಬಂದ. ಬಸುರಿ ಹೆಂಗಸು, ಬಂಡಿಯಲ್ಲಿ ಕುಲುಕಾಡುವುದು ಬೇಡ ಎಂದು ಬೀಗತಿ ಹೇಳಿದಳಂತೆ. ಅಕ್ಕ ಹೊಳೆಯಿಂದ ನೀರು ಹೊತ್ತು ಬರುತ್ತಿದ್ದಳು, ಬಾಗಿಲಲ್ಲೇ ಮಾತಾಡಿಸಿದೆ ಎಂದ ಅಪ್ಪ. ಹೇಗಿದ್ದಾಳೆ ಎಂದು ಅವ್ವ ಕೇಳಿದ್ದಕ್ಕೆ, ಚೆನ್ನಾಗಿದ್ದಾಳೆ ಎಂದ. ತಲೆಯ ಮೇಲೆ ಕೊಡ, ಮೈತುಂಬ ಸೆರಗು, ಅಪ್ಪನಿಗೆ ಇನ್ನೇನು ಕಂಡೀತು? ಬಂಡಿಯಲ್ಲಿ ಕುಲುಕಬಾರದವಳು ಕೊಡ ಹೊರಬಹುದೇ ಎಂದು ಆಗ ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಏಳು ತಿಂಗಳಿಗೆ ಕುಬುಸ ಮಾಡುವುದು ನಮ್ಮ ಕಡೆಯ ಪದ್ಧತಿ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಲಿದ ಹಸಿರು ಕುಬುಸ, ಬುಟ್ಟಿಗಟ್ಟಲೆ ಅಡಿಗೆ ಹೊತ್ತು ಬೀಗರ ಮನೆಗೆ ಹೋಗಿ, ಬಸುರಿಗೆ ಉಡಿಸಿ, ಉಡಿ ತುಂಬಿ, ಹೆರಿಗೆಗೆಂದು ಕರೆದುಕೊಂಡು ಬರಬೇಕು. ದೀಪಾವಳಿ ಕಳೆದ ಮೇಲೆ ದಿನ ಗೊತ್ತಾಯಿತು. ಅವ್ವ ಒಳಕೋಣೆಯನ್ನು ಸಾರಿಸಿದಳು. ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸಿ ಅಕ್ಕನಿಗೆ ಮಂಚ ಹಾಕಿಸಿದಳು. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಹೊಸ ಕೌದಿಯನ್ನು ಅದರ ಮೇಲೆ ಮಡಚಿಟ್ಟಳು. ಬಾಣಂತಿಗೆ ಬೇಕಾದ ಕೊಬ್ಬರಿ, ಉತ್ತತ್ತಿ, ಅಂಟು ಎಲ್ಲ ಡಬ್ಬಿ ಸೇರಿದವು. ಅಕ್ಕ ನಮ್ಮ ಜೊತೆಗೇ ಬರುತ್ತಾಳೆ ಎಂದು ನಾನು ಓಣಿಯ ತುಂಬ ಹೇಳಿಕೊಂಡು ಬಂದೆ.

ಕುಬುಸ ಮಾತ್ರ ಕೊನೆಗೆ ಉಳಿಯಿತು. ಊರಿನಲ್ಲಿ ಆಗಿನ್ನೂ ಎಲ್ಲರೂ ಮುಂದೆ ಗಂಟು ಹಾಕುವ ಕುಬುಸವನ್ನೇ ತೊಡುತ್ತಿದ್ದರು. ಪೇಟೆಯ ಬೀಗರ ಮುಂದೆ ಕಮ್ಮಿಯಾಗಬಾರದೆಂದು ಅವ್ವ ಗುಂಡಿಯ ಕುಬುಸ ಹೊಲಿಯಲು ಕೂತಳು. ಗಂಟಿನದಾದರೆ ಸ್ವಲ್ಪ ಹೆಚ್ಚು ಕಮ್ಮಿ ಆದರೂ ಎಳೆದು ಕಟ್ಟಬಹುದು, ಗುಂಡಿಯದು ಹಾಗಲ್ಲ. ಹಳದಿ ಚಿಂದಿಯ ದಾರವನ್ನು ಗೂಟದಿಂದ ಇಳಿಸಿದಳು. ಅಕ್ಕನನ್ನು ಕಣ್ಣಾರೆ ನೋಡಿ ಏಳೆಂಟು ತಿಂಗಳಾಗಿತ್ತು. ಏಳು ತಿಂಗಳ ಬಸುರಿ, ಎದೆಗೆ ಎರಡು ಬೆರಳು, ತೋಳಿಗೆ ಒಂದು, ಸೊಂಟದ ಹತ್ತಿರ ನಾಲ್ಕು ಬಿಟ್ಟರೆ ಸರಿ ಎಂದು ತನಗೆ ತಾನೇ ಹೇಳಿಕೊಂಡು ಕತ್ತರಿ ಹಾಕಿದಳು. ಊರಿನ ಯಾವ ಹೆಂಗಸಿಗೂ ಅವಳು ಹಾಗೆ ನೋಡದೆ ಕತ್ತರಿಸಿದವಳಲ್ಲ. ಮಗಳಾದ್ದರಿಂದ ನೋಡುವ ಅವಶ್ಯಕತೆಯೇ ಇಲ್ಲ ಎಂದುಕೊಂಡಳೋ ಏನೋ.

ಬೆಳಕು ಹರಿಯುವ ಮುಂಚೆ ಎರಡು ಬಂಡಿ ಕಟ್ಟಿ ಹೊರಟೆವು. ನಾವು ಹರಿಹರ ಮುಟ್ಟಿದಾಗ ಅಕ್ಕ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳಂತೆ. ನಮ್ಮನ್ನು ನೋಡಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಸೆರಗನ್ನು ಮೈತುಂಬ ಹೊದ್ದಿದ್ದಳು. ಅಡಿಗೆಯ ಬುಟ್ಟಿಗಳನ್ನೂ ಸೀರೆ ಕುಬುಸಗಳನ್ನೂ ಒಳಗಿನ ಕತ್ತಲೆ ಕೋಣೆಯಲ್ಲಿಟ್ಟು, ಅಲ್ಲೇ ಉಟ್ಟುಕೊಂಡು ಬಾ ಎಂದು ಅಕ್ಕನನ್ನು ಕಳಿಸಿದರು. ಅವ್ವ ಪಡಸಾಲೆಯಲ್ಲಿ ಬೀಗರ ಕಡೆಯ ಹೆಂಗಸರಿಗೆ ಕುಂಕುಮ ಕೊಡುವುದರಲ್ಲಿದ್ದಳು. ನಾನು ಅಕ್ಕನ ಹಿಂದೆಯೇ ಓಡಿದೆ. ಸೀರೆ ಉಟ್ಟಾದ ಮೇಲೆ ಅವಳು ಕನ್ನಡಿ ನೋಡಿಕೊಳ್ಳಲಿಲ್ಲ. ಬಾಗಿಲು ಮುಂದಕ್ಕೆ ಮಾಡಿ, ಕುಕ್ಕುರುಗಾಲಲ್ಲಿ ಕೂತು, ಬುಟ್ಟಿಯ ಬಟ್ಟೆ ಸರಿಸಿ ಹೋಳಿಗೆ ತೆಗೆದಳು. ಒಂದಾದ ಮೇಲೆ ಒಂದು, ಅಗಿಯುತ್ತಿದ್ದಾಳೋ ನುಂಗುತ್ತಿದ್ದಾಳೋ ತಿಳಿಯದಷ್ಟು ಬೇಗ ತಿಂದಳು. ಹೊರಗಿನಿಂದ ಕರೆದಾಗ ಇನ್ನೊಂದನ್ನು ಮಡಚಿ ಸೊಂಟದಲ್ಲಿ ಸೀರೆಯೊಳಗೆ ಸಿಕ್ಕಿಸಿಕೊಂಡಳು. ಕೈಯಲ್ಲಿ ಉಳಿದಿದ್ದ ಅರ್ಧವನ್ನು ನನ್ನ ಬಾಯಿಗೆ ತುರುಕಿದಳು.

"ಪಾರಿ, ಅವ್ವಗೆ ಹೇಳಬ್ಯಾಡ. ನಗ್ತಾರೆ ಎಲ್ರೂ."

ನಾನು ತಲೆಯಾಡಿಸಿದೆ. ನನಗೆ ಹತ್ತು ವರ್ಷ, ಬಾಯಿ ತುಂಬ ಹೋಳಿಗೆ, ಅಕ್ಕನ ಗುಟ್ಟು ಬೇರೆ. ಅಂದು ನನ್ನಷ್ಟು ಸಂತೋಷವಾಗಿದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಹೂ ಮುಡಿಸಲೆಂದು ಸೆರಗು ಸರಿಸಿದರು. ಕುಬುಸ ಅವಳ ಮೈಮೇಲೆ ಇರಲಿಲ್ಲ, ಜೋತುಬಿದ್ದಿತ್ತು. ತೋಳಿನೊಳಗೆ ಇನ್ನೊಂದು ತೋಳು ಹಿಡಿಸುವಷ್ಟು ಜಾಗ. ಗುಂಡಿ ಹಾಕಿದ್ದರೂ ಎದೆಯ ಹತ್ತಿರ ಬಟ್ಟೆ ಮುದುರಿ ನಿಂತಿತ್ತು. ಹೊಟ್ಟೆ ಒಂದು ಮುಂದಕ್ಕೆ ಬಂದಿತ್ತು, ಅದು ಬಿಟ್ಟರೆ ಅಕ್ಕ ಎಲ್ಲಿಯೂ ಇರಲಿಲ್ಲ. ಬೀಗರ ಕಡೆಯ ಹೆಂಗಸೊಬ್ಬಳು ಬಾಯಿಗೆ ಸೆರಗು ಹಿಡಿದಳು.

"ಊರಿಗೆಲ್ಲ ಕುಬುಸ ಹೊಲಿಯಾಕಿ, ಹೆತ್ತ ಮಗಳಿಗೆ ಚೀಲ ಹೊಲ್ಕಂಡು ಬಂದಾಳೆ ನೋಡ್ರಿ!"

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಚಿಗವ್ವನೂ ನಕ್ಕಳು, ಅಕ್ಕನೂ ತಲೆ ಬಗ್ಗಿಸಿಕೊಂಡು ನಕ್ಕಳು. ನಾನೂ ನಕ್ಕೆ. ಆ ನಗುವನ್ನು ವಾಪಸು ತೆಗೆದುಕೊಳ್ಳಲು ಆಗುವಂತಿದ್ದರೆ ಏನು ಬೇಕಾದರೂ ಕೊಡುತ್ತಿದ್ದೆ.

ಅವ್ವನ ಮುಖ ಕೆಂಪಾಯಿತು. ಅವಳು ನೋಡಿದ್ದು ಕುಬುಸವನ್ನು. ಇಪ್ಪತ್ತು ವರ್ಷದ ಹೊಲಿಗೆಯಲ್ಲಿ ಒಮ್ಮೆಯೂ ಯಾರಿಂದಲೂ ಇಂಥ ಮಾತು ಕೇಳಿದವಳಲ್ಲ. ದಾರ ತಪ್ಪೈತೆ, ದಾರ ತಪ್ಪೈತೆ ಎನ್ನುತ್ತ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತಳು. ಆ ಮನೆಯಲ್ಲಿ ಹಸಿರು ದಾರ ಸಿಗಲಿಲ್ಲ, ಬಿಳಿ ದಾರವನ್ನೇ ಕೊಟ್ಟರು. ಬಸುರಿಯ ಮೈಮೇಲೆ ಇದ್ದ ಹಾಗೇ ಸೂಜಿ ಹಾಕಬೇಡಿ ಎಂದು ಮುದುಕಿಯೊಬ್ಬಳು ಹೇಳಿದಳು. ಐದೇ ಹೊಲಿಗೆ, ಆಯಿತು ಎಂದು ಅವ್ವ ಕಂಕುಳಿನಿಂದ ಸೊಂಟದವರೆಗೆ ಬಟ್ಟೆ ಹಿಡಿದು ಹೊಲಿಯತೊಡಗಿದಳು. ಸೊಂಟದ ಹತ್ತಿರ ಬಂದಾಗ ಅವಳ ಕೈ ನಿಂತಿತು. ಬಗ್ಗಿ ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಅಕ್ಕ ಹೂಂಗುಟ್ಟಿ ಸೊಂಟಕ್ಕೆ ಕೈ ಹಾಕಿ ಸೀರೆ ಸರಿಮಾಡಿಕೊಂಡಳು. ಹೆದರಬೇಡ, ಇನ್ನೇನು ಮನೆಗೆ ಹೋಗುತ್ತೇವೆ ಎಂದು ಅವ್ವ ಧೈರ್ಯ ಹೇಳಿರಬೇಕು ಎಂದುಕೊಂಡೆ. ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಅವ್ವ ಎರಡನೆಯ ಬದಿಗೆ ದಾರ ಹಾಕಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾಗಲೇ ಬೀಗತಿ ಹತ್ತಿರ ಬಂದು ಕೂತಳು.

"ಬೀಗ್ತ್ಯಾರೆ, ಗಿರಿಜಿ ಇನ್ನೊಂದೆರಡು ತಿಂಗ್ಳು ಇಲ್ಲೇ ಇರ್ಲಿ. ಸಣ್ಣ ಮಗಳ ಮದುವೆ ಬಂದೈತೆ, ಮನ್ಯಾಗೆ ಕೈಗಿಲ್ಲ ಕಾಲಿಗಿಲ್ಲ. ಒಂಬತ್ತು ತುಂಬಿದ ಮ್ಯಾಲೆ ಬಂದು ಕರ್ಕಂಡು ಹೋಗ್ರಿ. ಏನಂತೀರಿ?"

ಅವ್ವ ಏನೂ ಅನ್ನಲಿಲ್ಲ. ಹಲ್ಲಿನಲ್ಲಿ ದಾರವಿತ್ತು. ಹೊಲಿಗೆಯ ಮೇಲಿನಿಂದ ಕಣ್ಣು ಕೀಳದೆ ಆಗಲಿ ಎನ್ನುವಂತೆ ಗೋಣು ಹಾಕಿದಳು. ಅಷ್ಟೇ. ಇಡೀ ಊರನ್ನು ಮಾತಿನಲ್ಲಿ ಕಟ್ಟಿಹಾಕುತ್ತಿದ್ದ ನಮ್ಮ ಅವ್ವ, ಬೇಡ, ಇವತ್ತೇ ಕರೆದುಕೊಂಡು ಹೋಗುತ್ತೇನೆ ಎನ್ನುವ ಒಂದು ಮಾತನ್ನು ಆಡಲಿಲ್ಲ. ಕುಬುಸ ಕೊನೆಗೆ ಮೈಗೆ ಕೂತಿತು. ಹೆಂಗಸರು ಭೇಷ್ ಎಂದರು, ಉಡಿ ತುಂಬಿದರು, ಆರತಿ ಎತ್ತಿದರು. ಸಂಜೆ ಬಂಡಿಗಳು ತಿರುಗಿದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹಸಿರು ಕುಬುಸದ ಮೇಲೆ ಬಿಳಿ ಹೊಲಿಗೆ ಓಣಿಯ ತಿರುವಿನವರೆಗೂ ಕಾಣುತ್ತಿತ್ತು.

ಮೂರು ವಾರ ಕಳೆದಿರಬಹುದು. ಮಧ್ಯಾಹ್ನದ ಹೊತ್ತು ಸೈಕಲ್ಲಿನಲ್ಲಿ ಒಬ್ಬ ಬಂದು, ಗಿರಿಜಿಯನ್ನು ದಾವಣಗೆರೆಯ ದವಾಖಾನೆಗೆ ಸೇರಿಸಿದ್ದಾರೆ, ಬೇಗ ಬರಬೇಕಂತೆ ಎಂದ. ಅವ್ವ ಮಿಷನ್ನಿಗೆ ಕೊಟ್ಟಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದಳು. ಅವ್ವ ಅಪ್ಪ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು, ತಾಯಿಯೂ ಇಲ್ಲ, ಕೂಸೂ ಇಲ್ಲ. ಮೈಯಲ್ಲಿ ರಕ್ತವೇ ಇರಲಿಲ್ಲ, ಹೊಟ್ಟೆಗೆ ಏನು ಹಾಕುತ್ತಿದ್ದಿರಿ ಎಂದು ಡಾಕ್ಟರು ಕೇಳಿದರಂತೆ. ಬೀಗತಿ ಅತ್ತಳಂತೆ, ನಿಜವಾಗಿಯೇ ಅತ್ತಳಂತೆ. ಹರಿಹರದಲ್ಲೇ ಮಣ್ಣು ಮಾಡಿದರು. ನನ್ನನ್ನು ಕರೆದೊಯ್ಯಲಿಲ್ಲ. ನಾನು ಸಾರಿಸಿದ ಕೋಣೆಯಲ್ಲಿ, ಮಡಚಿಟ್ಟ ಕೌದಿಯ ಪಕ್ಕ ಕೂತಿದ್ದೆ. ವಾಪಸು ಬಂದ ಅಪ್ಪ ಎತ್ತು ಬಿಚ್ಚುತ್ತ, ಯಾರಿಗೂ ಅಲ್ಲದ ಹಾಗೆ ಒಂದೇ ಮಾತು ಹೇಳಿದ.

"ಗಿರಿಜಿನ್ನ ಎತ್ತಾಕೆ ನಾಲ್ಕ್ ಮಂದಿ ಬೇಕೇ ಆಗಿರ್ಲಿಲ್ಲ."

ದಿನಕರ್ಮ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವ್ವ ಕೊನೆಯ ಗೂಟದ ದಾರಗಳನ್ನೆಲ್ಲ ಬಾಚಿ ತೆಗೆದು ಬಚ್ಚಲ ಒಲೆಗೆ ಹಾಕಿದಳು. ಹಳದಿ ಚಿಂದಿಯೂ ಅದರಲ್ಲಿತ್ತು. ಚಿಗವ್ವ ತಡೆಯಲು ಹೋಗಿ, ಬೇಡದ ಮಾತು ಆಡಿದಳು. ಮೈಮೇಲೆ ಸೂಜಿ ಹಾಕಿದ್ದರಿಂದಲೇ ಹೀಗಾಯಿತು, ಮುದುಕಿ ಬೇಡ ಎಂದಿದ್ದಳಲ್ಲ ಎಂದಳು.

"ಸೂಜಿ ಏನ್ ಮಾಡ್ತು? ಬಾಯಾಗೆ ದಾರ ಇಟ್ಕಂಡು ಗೋಣು ಹಾಕ್ದಾಕಿ ನಾನು."

ಆಮೇಲೆ ಅವಳು ದಾರವನ್ನು ಬಾಯಿಗೆ ಹಾಕಿದ್ದನ್ನು ನಾನು ನೋಡಲಿಲ್ಲ. ಕತ್ತರಿ ಕೈಗೆ ಸಿಗದಿದ್ದರೆ ಒಲೆಯ ಕೆಂಡಕ್ಕೆ ಹಿಡಿದು ಸುಟ್ಟು ಕತ್ತರಿಸುತ್ತಿದ್ದಳು. ಮಗುವಿನ ಕೈಯಲ್ಲಿ ಬಟ್ಟೆ ಕಳಿಸಿದರೆ ವಾಪಸು ಕಳಿಸುತ್ತಿದ್ದಳು. "ಬಟ್ಟೆ ಬ್ಯಾಡ, ಮೈ ತರ್ರಿ," ಇದು ಅವಳ ಹೊಸ ಕಾನೂನು. ಅದರಲ್ಲೂ ಬಸುರಿಗೆ ಕುಬುಸ ಹೊಲಿಯಬೇಕಾದರೆ ಎಷ್ಟೇ ದೂರ ಕೊಟ್ಟಿರಲಿ, ಹುಡುಗಿಯನ್ನು ಅವಳ ಮುಂದೆ ತಂದು ನಿಲ್ಲಿಸಬೇಕು. ಊರವರು ಗೌರವ್ವನಿಗೆ ತಲೆ ಕೆಟ್ಟಿದೆ ಎಂದರು. ನೀಲವ್ವನ ಹಿರಿಮಗಳು ಶಾಂತಿಯನ್ನು ದಾವಣಗೆರೆಗೆ ಕೊಟ್ಟಿದ್ದರು. ಅವಳನ್ನು ಕರೆತರದೆ ಹೊಲಿಯುವುದಿಲ್ಲ ಎಂದು ಅವ್ವ ಹಟ ಹಿಡಿದಾಗ ನೀಲವ್ವ ಬೀದಿಯಲ್ಲಿ ನಿಂತು ಬೈದಳು. ಕೊನೆಗೆ ಎರಡು ದಿನದ ಮಟ್ಟಿಗೆ ಎಂದು ಕರೆಸಿದಳು. ಅವ್ವ ಗೇಣಿನಲ್ಲಿ ಹುಡುಗಿಯ ತೋಳು ಸುತ್ತಿ, ಬೆನ್ನ ಮೇಲೆ ಕೈಯಾಡಿಸಿ, ಈಕಿನ್ನ ವಾಪಸ್ ಕಳಿಸಬ್ಯಾಡ ಎಂದಳು. ಶಾಂತಿಯ ಗಂಡನ ಮನೆಯವರು ಬಂದು ಕೂಗಾಡಿದಾಗ ನೀಲವ್ವನ ಬಾಗಿಲಲ್ಲಿ ನಿಂತು ಜಗಳವಾಡಿದವಳು ಅವ್ವನೇ. ಶಾಂತಿ ಬದುಕಿದಳು, ಅವಳ ಮಗನೂ ಬದುಕಿದ. ಆ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಅವ್ವ ಹೋಗಲಿಲ್ಲ.

ಮನೆಯಲ್ಲಿ ಇದರ ಕಾಟ ನನಗೆ. ವಾರಕ್ಕೊಮ್ಮೆ ನನ್ನ ತೋಳು ಹಿಡಿದು ನೋಡುತ್ತಿದ್ದಳು. ಜ್ವರ ಬಂದು ಬಿಟ್ಟರಂತೂ ಮೂರು ಹೊತ್ತೂ ನೋಡುತ್ತಿದ್ದಳು. ಬೇಡವೆಂದರೂ ಮೂರನೆಯ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು, ತಿನ್ನುವ ತನಕ ಎದುರಿಗೇ ಕೂತಿರುತ್ತಿದ್ದಳು. ನನಗೆ ಹೋಳಿಗೆ ಸೇರುವುದು ಬಿಟ್ಟುಹೋಗಿತ್ತು. ಯಾಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದ್ದರೆ, ಅಂದೇ ಪಡಸಾಲೆಗೆ ಓಡಿಹೋಗಿ ಅಕ್ಕ ಹಸಿದಿದ್ದಾಳೆ ಎಂದು ಕೂಗಿದ್ದರೆ, ಅವ್ವ ಕುಬುಸ ಬಿಟ್ಟು ಮಗಳನ್ನು ನೋಡುತ್ತಿದ್ದಳು ಎಂಬುದು ನನ್ನ ಎದೆಯಲ್ಲಿ ಕೂತಿತ್ತು. ಇಂದಿಗೂ ಯಾರಾದರೂ ಬೇಗ ಬೇಗ ಊಟ ಮಾಡುವುದನ್ನು ಕಂಡರೆ ನನ್ನ ಕೈಯಲ್ಲಿನ ತುತ್ತು ಮೇಲೇಳುವುದಿಲ್ಲ.

ಹನ್ನೆರಡು ವರ್ಷದ ಮೇಲೆ ನನ್ನ ಕುಬುಸ. ನನ್ನನ್ನು ಕೊಟ್ಟಿದ್ದು ದಾವಣಗೆರೆಯಲ್ಲಿ, ಹತ್ತಿ ಗಿರಣಿಯ ಹಿಂದಿನ ಓಣಿಗೆ. ನನ್ನ ಅತ್ತೆ ಒಳ್ಳೆಯವರು, ನನಗೆ ಮೊದಲು ಬಡಿಸಿ ಆಮೇಲೆ ತಾವು ಉಣ್ಣುತ್ತಿದ್ದರು. ಅವ್ವ ಬಸ್ಸಿಳಿದು ಬಂದಾಗ ಚಿಗವ್ವನ ತಲೆಯ ಮೇಲೆ ಅಡಿಗೆಯ ಬುಟ್ಟಿ, ಅವ್ವನ ಕಂಕುಳಲ್ಲಿ ಕೈಮಿಷನ್ನು. ಬಟ್ಟೆಯನ್ನು ಇನ್ನೂ ಕತ್ತರಿಸಿಯೇ ಇರಲಿಲ್ಲ. ಆರತಿ ತಟ್ಟೆ ಹಿಡಿದ ಹೆಂಗಸರನ್ನು ಕಾಯಿಸಿ ನನ್ನನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಗೇಣಿನಲ್ಲಿ ನನ್ನ ತೋಳು, ಎದೆ, ಬೆನ್ನು ಅಳೆದಳು. ಇನ್ನೊಮ್ಮೆ ಅಳೆದಳು. ಅವಳ ಕೈ ಆಗಲೇ ಒಣಗಿತ್ತು, ಗೇಣು ಮುಂಚಿನಷ್ಟು ಚಾಚುತ್ತಿರಲಿಲ್ಲ. ಮೂರನೆಯ ಸಲ ಅಳೆದು, "ತುಂಬೈತೆ," ಎಂದಳು. ಅಲ್ಲಿಯೇ ಕತ್ತರಿಸಿ, ಅಲ್ಲಿಯೇ ಹೊಲಿದು ತೊಡಿಸಿದಳು. ಪಡಸಾಲೆಯಲ್ಲಿ ಎಲ್ಲರೂ ಕೈಗುಣ ಹೊಗಳುತ್ತಿದ್ದಾಗ ಅದನ್ನು ಕೇಳಿಸಿಕೊಳ್ಳದೆ ನೇರ ಅತ್ತೆಯ ಮುಂದೆ ಹೋಗಿ ನಿಂತಳು.

"ಇವತ್ತೇ ಕರ್ಕಂಡು ಹೋಗ್ತೀನ್ರಿ. ನಾಳೆ ಅನ್ನಬ್ಯಾಡ್ರಿ."

"ಅಯ್ಯೋ, ಯಾರ್ ಬ್ಯಾಡ ಅಂದ್ರು? ಕರ್ಕಂಡು ಹೋಗ್ರಿ," ಎಂದರು ಅತ್ತೆ. ಅವ್ವನ ಧ್ವನಿ ಅಷ್ಟು ಜೋರಾಗಿ ಯಾಕೆ ಬಂತೆಂದು ಅವರಿಗೆ ತಿಳಿಯಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ನಾನು ಕಿಟಕಿಗೆ ಕೂತೆ, ಅವ್ವ ಪಕ್ಕಕ್ಕೆ, ಕುಲುಕಾಟಕ್ಕೆ ಅಡ್ಡವಾಗಿ ನನ್ನ ಬೆನ್ನ ಹಿಂದೆ ಕೈಯಿಟ್ಟು. ಹರಿಹರದಲ್ಲಿ ಬಸ್ಸು ನಿಂತಿತು. ಹೊಳೆಯ ಕಡೆಯ ಓಣಿ ಅಲ್ಲಿಂದ ಕಾಣುವುದಿಲ್ಲ, ಆದರೂ ಅವ್ವ ತಲೆ ಬಗ್ಗಿಸಿ ಕೂತಳು. ನನಗೆ ತಡೆಯಲಾಗಲಿಲ್ಲ. ಹನ್ನೆರಡು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

"ಅವ್ವಾ, ಅವತ್ತು ಅಕ್ಕ ಒಳಗೆ ಬುಟ್ಟಿ ಬಿಚ್ಚಿ ಹೋಳಿಗೆ ತಿಂದ್ಲು. ಒಂದು ಸೊಂಟಕ್ಕೆ ಸಿಗಿಸ್ಕಂಡ್ಲು. ನಿಂಗೆ ಹೇಳಬ್ಯಾಡ ಅಂದಿದ್ಲು. ನಾ ಹೇಳ್ಲಿಲ್ಲ."

"ಗೊತ್ತು," ಎಂದಳು ಅವ್ವ. ಬಸ್ಸು ಹೊರಟಿತು. ಆಮೇಲೆ, "ಹೊಲಿಗೆ ಹಾಕಾಗ ಕೈಗೆ ಸಿಕ್ತು," ಎಂದಳು.

"ಮತ್ತೆ ಕಿವ್ಯಾಗೆ ಏನೋ ಅಂದೆಲ್ಲ?"

"ಹೊಸ ಸೀರೆಗೆ ತುಪ್ಪದ ಕಲೆ ಆಗ್ತೈತೆ, ತೆಗಿ ಅಂದೆ."

ನನ್ನ ಬೆನ್ನ ಹಿಂದಿದ್ದ ಅವಳ ಕೈ ಹಾಗೆಯೇ ಇತ್ತು. ಅವಳು ಕಿಟಕಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ತೆಗೆದು ನನ್ ಕೈಗೆ ಕೊಟ್ಲು, ಪಾರಿ. ಅದನ್ನ ನಾ ಎಲ್ಲಿ ಇಟ್ಟೆನೋ ನೆನಪಿಲ್ಲ."